ದೇಗುಲ, ಸಂತೆ ಮತ್ತು ಕೆರೆ: ಮುಕ್ತ ತಂತ್ರಾಂಶದ ಕೊಡುಗೆದಾರ ಸಮುದಾಯವನ್ನು ಕುರಿತು ಒಂದು ವಿಮರ್ಶೆ

೧

ಗಣಕಯಂತ್ರದ ತಂತ್ರಾಂಶವನ್ನು ಕುರಿತ ಗ್ರಂಥವೊಂದರ ವಿಮರ್ಶೆಗೆ ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಎಡೆಯೇಕೆ ಎಂಬ ಪ್ರಶ್ನೆ ವಾಚಕರಲ್ಲಿ ಏಳುವುದು ಸಹಜ. ಇದಕ್ಕೆ ಎರಡು ಸಮಾಧಾನಗಳನ್ನು ಹೇಳಬಹುದು. ಮೊದಲನೆಯದಾಗಿ, ಆ ಗ್ರಂಥದ ವಾದವೆಲ್ಲವೂ ಇತಿಹಾಸದಿಂದ ಎತ್ತಿಕೊಂಡ ಎರಡು ಉಪಮಾನಗಳ ಮೇಲೆ ನಿಂತಿದೆ. ಆ ಉಪಮಾನಗಳು ಐತಿಹಾಸಿಕವಾಗಿ ಸರಿಯೇ ಎಂದು ಪರೀಕ್ಷಿಸುವುದು ನಮ್ಮ ಕೆಲಸಕ್ಕೆ ಹೊರತಾದುದಲ್ಲ. ಎರಡನೆಯದಾಗಿ, ಕನ್ನಡದ ಶಾಸನಗಳು, ಕಾವ್ಯಗಳು, ದಾಖಲೆಗಳು ಇನ್ನು ಮುಂದೆ ಬಹುಮಟ್ಟಿಗೆ ಗಣಕದ ಮೂಲಕವೇ ಓದುಗರನ್ನು ಮುಟ್ಟಬೇಕಾಗಿದೆ. ಅವುಗಳನ್ನು ಹೊತ್ತಿರುವ ಅಕ್ಷರವಿನ್ಯಾಸಗಳನ್ನೂ ವಿಶ್ವಕೋಶವನ್ನೂ ಪರಿವರ್ತಕಗಳನ್ನೂ ಕೂಲಿಯನ್ನು ಬಯಸದ ಕೆಲವೇ ಮಂದಿ ಕಟ್ಟಿ ಕಾಯುತ್ತಿದ್ದಾರೆ. ಆ ಕೆಲವರು ನಾಳೆ ದಣಿದು ಕೈಬಿಟ್ಟರೆ ನಮ್ಮ ಆಕರಗಳ ಗತಿಯೇನು ಎಂಬುದು ಇತಿಹಾಸವನ್ನು ಬೋಧಿಸುವವರ ಚಿಂತೆಯೂ ಆಗಬೇಕು.

ಮೊದಲು ವಿಷಯವನ್ನು ಸಂಕ್ಷೇಪವಾಗಿ ನಿರೂಪಿಸುವುದು ಯುಕ್ತ. ತಂತ್ರಾಂಶವೆಂಬುದು ಯಂತ್ರಕ್ಕೆ ಬರೆದುಕೊಟ್ಟ ಆದೇಶಗಳ ಸಮುಚ್ಚಯ. ಅದರ ಮೂಲಪಾಠವನ್ನು, ಎಂದರೆ ಮೂಲಸಂಕೇತವನ್ನು, ಮಾರುವವರು ಸಾಮಾನ್ಯವಾಗಿ ಮುಚ್ಚಿಡುತ್ತಾರೆ. ಅದನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದೆಂಬ ಹಕ್ಕಿನೊಡನೆ ಹೊರತಂದರೆ ಅದು ಮುಕ್ತ ತಂತ್ರಾಂಶವೆನಿಸುತ್ತದೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ೧೯೮೩ರಲ್ಲಿ ಗ್ನೂ ಯೋಜನೆಯನ್ನು ಸಾರಿ, ೧೯೮೯ರಲ್ಲಿ ಈ ಹಕ್ಕನ್ನು ಒಂದು ಸಾಮಾನ್ಯ ಪರವಾನಗಿಯ ರೂಪಕ್ಕೆ ತಂದರು. ೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ತಂತ್ರಾಂಶಕ್ಕೆ ಕೆಲವೇ ವರ್ಷಗಳಲ್ಲಿ ದೇಶದೇಶಗಳ ಅಪರಿಚಿತರು ಕೈಗೂಡಿಸಿದರು. ಒಬ್ಬರನ್ನೊಬ್ಬರು ಕಂಡರಿಯದ ಜನ, ಆಜ್ಞೆಯಿಲ್ಲದೆ, ಇಂತಹ ದೊಡ್ಡ ಕೆಲಸವನ್ನು ಹೇಗೆ ಸಾಧಿಸಿದರು?

ಈ ಪ್ರಶ್ನೆಗೆ ಉತ್ತರವಾಗಿ ಎರಿಕ್ ರೇಮಂಡ್ ಅವರು ೧೯೯೭ರಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ಓದಿದ ಪ್ರಬಂಧವೇ 'ದಿ ಕೆಥೀಡ್ರಲ್ ಅಂಡ್ ದಿ ಬಜಾರ್'. ೧೯೯೯ರಲ್ಲಿ ಅದು ಇತರ ಕೆಲವು ಪ್ರಬಂಧಗಳೊಡನೆ ಗ್ರಂಥರೂಪದಲ್ಲಿ ಪ್ರಕಟವಾಯಿತು. ಅವರ ವಾದದ ತಿರುಳು ಹೀಗಿದೆ. ಹಿಂದೆ ತಂತ್ರಾಂಶವನ್ನು ಕ್ರೈಸ್ತರ ಮಹಾದೇಗುಲದಂತೆ ಕೆಲವೇ ಕುಶಲಿಗಳು ಮರೆಯಲ್ಲಿ ಕುಳಿತು ಕಟ್ಟುತ್ತಿದ್ದರು. ಲಿನಕ್ಸ್ ಆದರೋ ಸಂತೆಯಂತೆ, ನಾನಾ ಕಡೆಯ ಜನರ ಗದ್ದಲದ ನಡುವೆ ತಾನೇ ತಾನಾಗಿ ರೂಪುಗೊಂಡಿತು. ಅಪೂರ್ಣವಾದರೂ ಬೇಗ ಹೊರಗಿಟ್ಟು, ಬಳಸುವವರನ್ನೇ ಸಹಕರ್ಮಿಗಳೆಂದು ಭಾವಿಸಿದರೆ, ನೋಡುವ ಕಣ್ಣುಗಳು ಹೆಚ್ಚಿದಂತೆ ತಪ್ಪುಗಳು ಉಳಿಯಲಾರವು. ಈ ಪ್ರಬಂಧದ ಪ್ರಭಾವ ಅಪಾರವಾದುದು. ಇಂದಿಗೂ ನಮ್ಮಲ್ಲಿ ಮುಕ್ತ ತಂತ್ರಾಂಶದ ವಿಚಾರವಾಗಿ ಮಾತನಾಡುವವರು ಅರಿತೋ ಅರಿಯದೆಯೋ ರೇಮಂಡ್ ಅವರ ಸಂತೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿರುವರು.

ಸಂತೆಯ ಚಿತ್ರ ಜನ ಬರುವ ಬಗೆಯನ್ನು ಚೆನ್ನಾಗಿ ವಿವರಿಸುತ್ತದೆ, ನಿಲ್ಲುವ ಬಗೆಯನ್ನು ವಿವರಿಸುವುದಿಲ್ಲ ಎಂಬುದು ಪ್ರಕೃತ ಲೇಖನದ ಪ್ರತಿಪಾದ್ಯ. ಕನ್ನಡದ ಅನುಭವದಲ್ಲಿ ಕೊರತೆಯಾಗಿರುವುದು ಬರುವವರದಲ್ಲ, ನಿಲ್ಲುವವರದು. ನಿಲ್ಲುವ ಬಗೆಯನ್ನು ತಿಳಿಯಲು ನಮ್ಮ ಜಿಲ್ಲೆಯ ಶಾಸನಗಳಲ್ಲಿಯೇ ಇನ್ನೊಂದು ಉಪಮಾನ ದೊರೆಯುತ್ತದೆ. ಅದು ಕೆರೆ.

೨

ಉಪಮಾನಗಳನ್ನು ಪರೀಕ್ಷಿಸೋಣ. ಮಹಾದೇಗುಲವು ಕೆಲವರು ಮರೆಯಲ್ಲಿ ಕಟ್ಟಿದ ಕಟ್ಟಡವೆಂಬ ಮಾತು ಯುರೋಪಿಗೂ ಪೂರ್ಣವಾಗಿ ಸಲ್ಲದು, ಕರ್ನಾಟಕಕ್ಕಂತೂ ಸಲ್ಲುವುದೇ ಇಲ್ಲ. ವಿಷ್ಣುವರ್ಧನನ ಕಾಲದಲ್ಲಿ, ೧೧೧೭ರಲ್ಲಿ, ಸ್ಥಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಗಳ ಕೆಳಗೆ ಶಿಲ್ಪಿಗಳ ಅಂಕಿತಗಳಿವೆ. ಅವರಲ್ಲಿ ದಾಸೋಜ ಮತ್ತು ಆತನ ಮಗ ಚಾವಣ ನಮ್ಮ ಜಿಲ್ಲೆಯ ಬಳ್ಳಿಗಾವೆಯವರು. ಭದ್ರಾವತಿಗೆ ಹೆಚ್ಚು ದೂರವಲ್ಲದ ಅಮೃತಾಪುರದ ದೇಗುಲ ೧೧೯೬ರದು. ಅಲ್ಲಿ ಕೆಲಸ ಆರಂಭಿಸಿದ ರೂವಾರಿ ಮಲ್ಲಿತಮ್ಮನು ಸುಮಾರು ಅರುವತ್ತು ವರ್ಷಗಳ ಬಳಿಕ ಸೋಮನಾಥಪುರದಲ್ಲಿಯೂ ತನ್ನ ಹೆಸರನ್ನು ಕೊರೆದಿದ್ದಾನೆಂದು ವಿದ್ವಾಂಸರು ಗುರುತಿಸಿದ್ದಾರೆ. ಬೇರೆ ಬೇರೆ ಊರುಗಳಿಂದ ಬಂದ ಕುಶಲಿಗಳು, ತಂದೆಯ ಬಳಿ ಕೆಲಸ ಕಲಿತ ಮಗ, ಪ್ರತಿಯೊಂದು ಕೈಗೂ ಸಲ್ಲುವ ಹೆಸರು: ಇವನ್ನೆಲ್ಲ ನೋಡಿದರೆ ಹೊಯ್ಸಳ ದೇಗುಲವು ರೇಮಂಡ್ ಅವರ ದೇಗುಲಕ್ಕಿಂತ ಮುಕ್ತ ತಂತ್ರಾಂಶಕ್ಕೇ ಹತ್ತಿರವಾಗಿ ತೋರುತ್ತದೆ.

ಸಂತೆಯ ವಿಷಯದಲ್ಲಿಯೂ ಇದೇ ತೊಡಕು. ನಮ್ಮ ಮಧ್ಯಯುಗದ ವ್ಯಾಪಾರಸ್ಥಳಗಳು ನಿಯಮವಿಲ್ಲದ ಗದ್ದಲವಾಗಿರಲಿಲ್ಲ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘಕ್ಕೆ ಬಣಂಜು ಧರ್ಮವೆಂಬ ಕಟ್ಟಳೆಯಿತ್ತು, ಪಟ್ಟಣಸ್ವಾಮಿಯಿದ್ದನು, ಸುಂಕದ ದರಗಳಿದ್ದುವು. ಲಿನಕ್ಸಿನಲ್ಲಿಯೂ ವಸ್ತುಸ್ಥಿತಿ ಭಿನ್ನವಲ್ಲ. ಯಾರು ಬೇಕಾದರೂ ತಿದ್ದುಪಡಿಯನ್ನು ಕಳುಹಿಸಬಹುದು ಸರಿ. ಆದರೆ ಒಂದೊಂದು ಭಾಗಕ್ಕೂ ಒಬ್ಬೊಬ್ಬ ಪಾಲಕನಿದ್ದು, ಅವನ ಒಪ್ಪಿಗೆಯ ಮೇಲೆಯೇ ಅದು ಮುಂದೆ ಸಾಗಿ, ಕಡೆಗೆ ಟೋರ್ವಾಲ್ಡ್ಸ್ ಅವರ ಕೈಗೆ ಬರುವುದು. ಸಂತೆಯೆಂದು ಹೊರಗೆ ಕಾಣುವುದು ಒಳಗೆ ಶ್ರೇಣೀಬದ್ಧವಾದ ವ್ಯವಸ್ಥೆಯೇ ಆಗಿದೆ.

ರೇಮಂಡ್ ಅವರಿಗೆ ಇದು ತಿಳಿಯದುದಲ್ಲ. ನಾಯಕನಾದವನಿಗೆ ಜನರೊಡನೆ ಹೊಂದಿ ನಡೆಯುವ ಗುಣವಿರಬೇಕೆಂದು ಅವರೇ ಒಪ್ಪುತ್ತಾರೆ. ಅದೇ ಗ್ರಂಥದ ಇನ್ನೊಂದು ಪ್ರಬಂಧದಲ್ಲಿ ಕೀರ್ತಿಯೇ ಕೊಡುಗೆದಾರರ ಸಂಭಾವನೆಯೆಂದು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ ಅವರು ಮುಖ್ಯವಾದ ಒಂದು ಸಂಗತಿಯನ್ನು ಬಲುಬೇಗ ದಾಟಿಹೋಗುತ್ತಾರೆ. ತಂತ್ರಾಂಶದಲ್ಲಿ ಆಸಕ್ತಿ ಕುಂದಿದವನು ಅದನ್ನು ಸಮರ್ಥನಾದ ಉತ್ತರಾಧಿಕಾರಿಗೆ ಒಪ್ಪಿಸಬೇಕೆಂಬುದು ಅವರ ಸೂತ್ರಗಳಲ್ಲೊಂದು. ಅವರು ಉದಾಹರಿಸುವ ಸ್ವಂತ ತಂತ್ರಾಂಶವಾದ ಫೆಚ್‌ಮೇಲ್ ಕೂಡ ಹೀಗೆಯೇ, ಬೇರೊಬ್ಬರು ಬರೆದ ಪಾಪ್‌ಕ್ಲೈಂಟ್ ಎಂಬುದನ್ನು ಅವರಿಂದ ವಹಿಸಿಕೊಂಡು ಬೆಳೆಸಿದುದು. ಎಂದಮೇಲೆ ಅವರ ಯಶಸ್ಸಿನ ಮೊದಲ ಹೆಜ್ಜೆಯೇ ಉತ್ತರಾಧಿಕಾರ. ಅಧ್ಯಾಯವೊಂದಕ್ಕೆ ಅರ್ಹವಾದ ಈ ವಿಷಯವು ಅವರಲ್ಲಿ ಒಂದು ಸೂತ್ರದಲ್ಲಿಯೇ ಮುಗಿದುಹೋಗುತ್ತದೆ.

೩

ಇನ್ನು ಕನ್ನಡದ ಅನುಭವಕ್ಕೆ ಬರೋಣ. ಕನ್ನಡದಲ್ಲಿ 'ಉಚಿತ' ಮತ್ತು 'ಮುಕ್ತ' ಎಂಬ ಎರಡು ಮಾತುಗಳು ಬಹುಕಾಲ ಒಂದೇ ಅರ್ಥದಲ್ಲಿ ಬಳಕೆಯಾದುವು. ಇದರಿಂದಾದ ನಷ್ಟ ಸಣ್ಣದಲ್ಲ. ೧೯೯೮ರಲ್ಲಿ ಶೇಷಾದ್ರಿವಾಸು ಅವರು ರೂಪಿಸಿದ 'ಬರಹ'ವು ಸಾವಿರಾರು ಜನರಿಗೆ ಗಣಕದಲ್ಲಿ ಕನ್ನಡವನ್ನು ಬರೆಯುವುದನ್ನು ಕಲಿಸಿತು. ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ'ಯು ಸರ್ಕಾರದ ಕಚೇರಿಗಳಲ್ಲಿ ನೆಲೆಯೂರಿತು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಂದಿಗೂ ಸಾವಿರಾರು ಬೆರಳುಗಳಲ್ಲಿ ನೆಲೆಸಿದೆ. ಇವರೆಲ್ಲರ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಆದರೆ 'ಬರಹ', 'ನುಡಿ'ಗಳು ಬಳಸುವವರ ಕೈಗೆ ಬಂದುದು ಸಿದ್ಧವಸ್ತುಗಳಾಗಿ. ಬಳಸುವವರೇ ತಿದ್ದಿ ಬೆಳೆಸುವ ಸಮುದಾಯ ಅವುಗಳ ಸುತ್ತ ಬೆಳೆಯಲಿಲ್ಲ. ಯೂನಿಕೋಡ್ ಎಂಬ ವಿಶ್ವಮಾನ್ಯ ಸಂಕೇತದಲ್ಲಿ ೧೯೯೧ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ, ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಗ್ರಂಥಗಳೂ ದಾಖಲೆಗಳೂ ಬೇರೆ ಯಂತ್ರಗಳಲ್ಲಿ ಓದಲಾಗದ ಗೀಟುಗಳಾಗಿ ಉಳಿದುವು. ಅವುಗಳನ್ನು ಯೂನಿಕೋಡಿಗೆ ತರುವ ಪರಿವರ್ತಕವನ್ನು ಮುಕ್ತವಾಗಿ ಒದಗಿಸಿದವರಲ್ಲಿ ಅರವಿಂದ ವಿ. ಕೆ. ಒಬ್ಬರು. ಅವರ 'ನವಿಲು', 'ಗುಬ್ಬಿ' ಎಂಬ ಮುಕ್ತ ಅಕ್ಷರವಿನ್ಯಾಸಗಳು ಡೆಬಿಯನ್ ಎಂಬ ಜಾಗತಿಕ ಮುಕ್ತ ತಂತ್ರಾಂಶ ಸಂಗ್ರಹದಲ್ಲಿ ಸೇರಿವೆ. ಬಿಡುವಿನ ವೇಳೆಯ ಇಂತಹ ದುಡಿಮೆಯೇ ನಮ್ಮ ಆಕರಗಳನ್ನು ಬದುಕಿಸಿದೆಯೆಂಬುದನ್ನು ಸಂಶೋಧಕರು ನೆನೆಯಬೇಕು.

ನಿಜವಾದ ಅರ್ಥದಲ್ಲಿ ಕೊಡುಗೆದಾರರ ಸಮುದಾಯವನ್ನು ಕಾಣಬೇಕಾದರೆ ಕನ್ನಡ ವಿಕಿಪೀಡಿಯದ ಕಡೆಗೆ ತಿರುಗಬೇಕು. ಅದು ವಿಶ್ವಕೋಶವಾದರೂ ನಿಂತಿರುವುದು ಮುಕ್ತ ತಂತ್ರಾಂಶದ ಮೇಲೆ, ನಡೆಯುವುದು ಅದರದೇ ಧರ್ಮದಂತೆ. ೨೦೦೩ರ ಜೂನ್ ತಿಂಗಳಲ್ಲಿ ಆರಂಭವಾದ ಅದನ್ನು ಮೊದಲ ವರ್ಷಗಳಲ್ಲಿ ಹರಿಪ್ರಸಾದ್ ನಾಡಿಗ್ ಮೊದಲಾದ ಬೆರಳೆಣಿಕೆಯ ಜನ ನಡೆಸಿದರು. ಮುಂದೆ ಯು. ಬಿ. ಪವನಜ ಮೊದಲಾದವರು ಊರೂರುಗಳಲ್ಲಿ ಕಾರ್ಯಾಗಾರಗಳನ್ನು ನಡೆಸಿ ಹೊಸಬರಿಗೆ ಬರೆಯುವುದನ್ನು ಕಲಿಸಿದರು. ಇಂದು ಅಲ್ಲಿನ ಲೇಖನಗಳ ಸಂಖ್ಯೆ ಮೂವತ್ತು ಸಾವಿರವನ್ನು ಮೀರಿದೆ.

ಆದರೆ ಸಂಖ್ಯೆಯೇ ಸಮುದಾಯವಲ್ಲವೆಂಬುದಕ್ಕೂ ಅಲ್ಲಿಯೇ ನಿದರ್ಶನವಿದೆ. ೨೦೧೦ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆಯು ಸಂಬಳದ ಅನುವಾದಕರ ಮೂಲಕ ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ದೊಡ್ಡ ಪ್ರಮಾಣದಲ್ಲಿ ತರಿಸಿತು. ಲೇಖನಗಳು ಉದ್ದವಾಗಿದ್ದುವು, ಸಂಖ್ಯೆ ಏರಿತು. ಆದರೆ ವಾಕ್ಯಗಳು ಯಾಂತ್ರಿಕವಾಗಿದ್ದುವು. ವಿಷಯಗಳನ್ನು ಆರಿಸಿದವರು ಕನ್ನಡದ ಓದುಗರಲ್ಲ. ಬರೆದವರು ಕೆಲಸ ಮುಗಿಸಿ ಹೊರಟುಹೋದರು. ತಿದ್ದುವ ಭಾರವೆಲ್ಲ ಅಲ್ಲಿಯೇ ಇದ್ದ ಕೆಲವರ ಮೇಲೆ ಬಿದ್ದಿತು. ಬಂಗಾಳಿಯ ಸಮುದಾಯ ಇದನ್ನು ನಿರಾಕರಿಸಿತು. ತಮಿಳರು ೨೦೧೦ರಲ್ಲಿ ಪೋಲೆಂಡಿನಲ್ಲಿ ನಡೆದ ವಿಕಿಮೀಡಿಯ ಸಮ್ಮೇಳನದಲ್ಲಿ ಈ ಯೋಜನೆಯ ಗುಣದೋಷಗಳನ್ನು ಸಭೆಯ ಮುಂದಿಟ್ಟರು. ಕನ್ನಡದಲ್ಲಿ ಆ ಲೇಖನಗಳನ್ನು ತಿದ್ದುವ ಕೆಲಸ ಬಹುಕಾಲ ಉಳಿಯಿತು. ಕೊಡುಗೆಯಿದ್ದೂ ಕೊಡುಗೆದಾರನಿಲ್ಲದ ಸ್ಥಿತಿ ಇದು. ೨೦೧೧ರಲ್ಲಿ ಪುಣೆಯ ಕಾಲೇಜುಗಳಲ್ಲಿ ನಡೆದ ಇಂಗ್ಲಿಷ್ ವಿಕಿಪೀಡಿಯದ ಶಿಕ್ಷಣ ಯೋಜನೆಯ ಗತಿಯೂ ಇಂತಹುದೇ. ವಿದ್ಯಾರ್ಥಿಗಳನ್ನು ನೂರಾರು ಸಂಖ್ಯೆಯಲ್ಲಿ ಒಮ್ಮೆಗೇ ಸೇರಿಸಲಾಯಿತು. ಹಲವರು ಬೇರೆಡೆಯ ಬರಹವನ್ನು ನಕಲು ಮಾಡಿ ಒಪ್ಪಿಸಿದರು. ಅದೇ ವರ್ಷದ ಕೊನೆಯಲ್ಲಿ ಯೋಜನೆಯನ್ನು ನಿಲ್ಲಿಸಬೇಕಾಯಿತು.

ಇದಕ್ಕೆ ಪ್ರತಿಯಾಗಿ ತುಳು ವಿಕಿಪೀಡಿಯವನ್ನು ನೋಡಬಹುದು. ಅದು ಹಲವು ವರ್ಷ ಪ್ರಾಯೋಗಿಕ ಹಂತದಲ್ಲಿಯೇ ಇದ್ದು, ೨೦೧೬ರ ಆಗಸ್ಟ್ ತಿಂಗಳಲ್ಲಿ ಸ್ವತಂತ್ರ ವಿಶ್ವಕೋಶವಾಯಿತು. ಈ ಹಂತವನ್ನು ದಾಟಿಸುವಾಗ ಲೇಖನಗಳ ಎಣಿಕೆಯೊಂದನ್ನೇ ನೋಡುವುದಿಲ್ಲ. ಕೆಲವು ಮಂದಿಯಾದರೂ ತಿಂಗಳ ಮೇಲೆ ತಿಂಗಳು ಎಡೆಬಿಡದೆ ಬರೆಯುತ್ತಿದ್ದಾರೆಯೇ ಎಂಬುದನ್ನು ನೋಡುತ್ತಾರೆ. ನಿಯಮ ಮಾಡಿದವರು ಸರಿಯಾದ ಗುಟ್ಟನ್ನು ಹಿಡಿದಿದ್ದಾರೆ. ಎಷ್ಟು ಮಂದಿ ಬಂದರೆಂಬುದಕ್ಕಿಂತ ಎಷ್ಟು ಮಂದಿ ಮರಳಿ ಬಂದರೆಂಬುದು ಮುಖ್ಯ.

೪

ಮರಳಿ ಬರುವಂತೆ ಮಾಡುವ ವ್ಯವಸ್ಥೆ ಯಾವುದು? ಇಲ್ಲಿಯೇ ಕೆರೆಯ ದೃಷ್ಟಾಂತ ಪ್ರಯೋಜನಕ್ಕೆ ಬರುತ್ತದೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಕದಂಬ ಕಾಕುಸ್ಥವರ್ಮನು ದೇವಾಲಯದ ಬಳಿ ಕೆರೆಯೊಂದನ್ನು ಕಟ್ಟಿಸಿದುದನ್ನು ತಿಳಿಸುತ್ತದೆ. ಐದನೆಯ ಶತಮಾನದಿಂದ ಮುಂದೆ ಸಾವಿರ ವರ್ಷಗಳಿಗೂ ಮೇಲ್ಪಟ್ಟು ಕೆರೆ ಕಟ್ಟಿಸುವುದು ನಮ್ಮಲ್ಲಿ ಪುಣ್ಯಕಾರ್ಯವೆನಿಸಿತ್ತು. ಈಗಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದ ೧೩೬೯ರ ಶಾಸನದ ಪ್ರಕಾರ ಅಲ್ಲಿನ ಕೆರೆಯನ್ನು ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಪೂರೈಸಿದುವು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಅದರ ದೋಷಗಳನ್ನೂ ಆ ಶಾಸನ ಎಣಿಸಿ ಹೇಳುತ್ತದೆ.

ಆದರೆ ನಮ್ಮ ಶಾಸನಗಳನ್ನು ಓದುವವರು ಬೇಗನೆ ಗಮನಿಸುವ ಸಂಗತಿಯೆಂದರೆ, ಅವು ಕಟ್ಟುವುದರಷ್ಟೇ ಕಾಯುವುದನ್ನೂ ಕುರಿತು ಮಾತನಾಡುತ್ತವೆ. ಕೆರೆಯನ್ನು ಕಟ್ಟಿದವನಿಗೆ ಕಟ್ಟುಕೊಡಗೆ. ಅದರ ದುರಸ್ತಿಗೆ ಬಿತ್ತುವಟ್ಟ. ಹೂಳನ್ನು ತೆಗೆದು ಏರಿಗೆ ಮಣ್ಣನ್ನು ಹೊರುವ ಬಂಡಿಗೂ ಕೋಣಗಳಿಗೂ ಪ್ರತ್ಯೇಕವಾದ ದತ್ತಿ. ಕೆರೆಯೆಂಬುದು ಒಮ್ಮೆ ಕಟ್ಟಿದರೆ ಮುಗಿಯುವ ವಸ್ತುವಲ್ಲ. ಪ್ರತಿ ಮಳೆಗಾಲವೂ ಹೂಳನ್ನು ತರುತ್ತದೆ, ತೂಬು ಸವೆಯುತ್ತದೆ, ಏರಿ ಕುಸಿಯುತ್ತದೆ. ಈ ಅರಿವಿದ್ದವರು ಕಟ್ಟಿದ ದಿನವೇ ಕಾಯುವವನ ಅನ್ನಕ್ಕೆ ದಾರಿ ಮಾಡಿದರು. ಹಂಚಿಕೆಗೆ ನೀರುಗಂಟಿಯಿದ್ದನು. ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರೆಂಬುದನ್ನು ಅವನು ಬಲ್ಲನು; ಅವನ ಬಳಿಕ ಆ ತಿಳಿವಳಿಕೆ ಅವನ ಮನೆಯ ಮುಂದಿನವನಿಗೆ ಬರುತ್ತಿತ್ತು.

ತಂತ್ರಾಂಶವೂ ಹೂಳು ತುಂಬುವ ವಸ್ತುವೇ. ಯಂತ್ರಗಳು ಬದಲಾಗುತ್ತವೆ, ಸಂಕೇತಗಳು ಬದಲಾಗುತ್ತವೆ, ಹೊಸ ದೋಷಗಳು ತಲೆದೋರುತ್ತವೆ. ತೆಗೆಯುವವರಿಲ್ಲದಿದ್ದರೆ ಏನಾಗುವುದೆಂಬುದನ್ನು ಜಗತ್ತು ಎರಡು ಬಾರಿ ಕಂಡಿತು. ೨೦೧೪ರ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಬಯಲಾಯಿತು. ಅಂತರಜಾಲದ ಗೋಪ್ಯ ವ್ಯವಹಾರದ ಬಹುಭಾಗ ಆ ತಂತ್ರಾಂಶವನ್ನು ನಂಬಿಕೊಂಡಿತ್ತು. ಅದನ್ನು ಕಾಯುತ್ತಿದ್ದವರಾದರೋ ಬೆರಳೆಣಿಕೆಯ ಮಂದಿ. ೨೦೨೪ರ ಮಾರ್ಚಿಯಲ್ಲಿ ಎಕ್ಸ್‌ಜ಼ಡ್ ಎಂಬ ಇನ್ನೊಂದು ಸಣ್ಣ ತಂತ್ರಾಂಶದಲ್ಲಿ ಬೇಕೆಂದೇ ಅಡಗಿಸಿದ ಕಳ್ಳದಾರಿ ಪತ್ತೆಯಾಯಿತು. ಒಬ್ಬನೇ ದಣಿದು ಕಾಯುತ್ತಿದ್ದ ಪಾಲಕನಿಗೆ ಸಹಾಯಕನಂತೆ ಸೇರಿದ ಅನಾಮಧೇಯನೊಬ್ಬನು ಎರಡು ವರ್ಷಕ್ಕೂ ಮಿಕ್ಕಿ ತಾಳ್ಮೆಯಿಂದ ನಂಬಿಕೆಯನ್ನು ಗಳಿಸಿ ಈ ಕೆಲಸ ಮಾಡಿದ್ದನು. ಎರಡೂ ಕಡೆ ಮೂಲಸಂಕೇತ ಎಲ್ಲರ ಕಣ್ಣಿಗೂ ತೆರೆದೇ ಇತ್ತು. ನೋಡಬಹುದಾದ ಕಣ್ಣುಗಳು ಬೇರೆ, ನೋಡುವ ಹೊಣೆ ಹೊತ್ತ ಕಣ್ಣುಗಳು ಬೇರೆ. ರೇಮಂಡ್ ಅವರ ಸಿದ್ಧಾಂತ ಎಡವುವುದು ಇಲ್ಲಿ. ಈ ಪಾಲನೆಯ ದುಡಿಮೆಯನ್ನು ರಸ್ತೆ ಸೇತುವೆಗಳ ದುರಸ್ತಿಗೆ ಹೋಲಿಸಿ ೨೦೧೬ರಲ್ಲಿ ನಾದಿಯಾ ಎಗ್ಬಾಲ್ ಅವರು ಬರೆದ ವರದಿಯು ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದೆ.

ಡೆಬಿಯನ್ ಸಮುದಾಯ ಕೆರೆಯ ಮಾದರಿಗೆ ಹತ್ತಿರವಾಗಿದೆ. ೧೯೯೩ರಲ್ಲಿ ಆರಂಭವಾದ ಅದು ೧೯೯೭ರಲ್ಲಿ ತನ್ನ ಸಾಮಾಜಿಕ ಒಡಂಬಡಿಕೆಯನ್ನೂ ೧೯೯೮ರಲ್ಲಿ ಸಂವಿಧಾನವನ್ನೂ ಬರೆದುಕೊಂಡಿತು. ಅದರ ನಾಯಕನು ಚುನಾಯಿತನು. ಯಾವ ತಂತ್ರಾಂಶದ ಪಾಲಕನಾದರೂ ಕೈಬಿಟ್ಟರೆ ಅದನ್ನು 'ಅನಾಥ'ವೆಂದು ಬಹಿರಂಗವಾಗಿ ಪಟ್ಟಿಮಾಡಿ, ದತ್ತು ತೆಗೆದುಕೊಳ್ಳುವವರನ್ನು ಕರೆಯುತ್ತಾರೆ. ಮೂರು ದಶಕಗಳನ್ನು ದಾಟಿಯೂ ಅದು ಉಳಿದಿರುವುದಕ್ಕೆ ಈ ಕಟ್ಟಳೆಗಳೂ ಕಾರಣವೆನ್ನಬಹುದಾಗಿದೆ.

ಸಾಮಾನ್ಯ ಸ್ವತ್ತುಗಳನ್ನು ಜನರೇ ಕಾಯ್ದುಕೊಳ್ಳುವ ಬಗೆಯನ್ನು ಎಲಿನಾರ್ ಆಸ್ಟ್ರಮ್ ಅವರು ೧೯೯೦ರ ತಮ್ಮ ಗ್ರಂಥದಲ್ಲಿ ಸ್ಪೇನ್, ಫಿಲಿಪೀನ್ಸ್ ಮೊದಲಾದ ದೇಶಗಳ ನೀರಾವರಿಯ ಆಧಾರದಿಂದ ಶಾಸ್ತ್ರೀಯವಾಗಿ ನಿರೂಪಿಸಿದರು. ೨೦೦೯ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ನಿಯಮಗಳಿಗೆ ಒಳಪಡುವವರು ನಿಯಮಗಳನ್ನು ಮಾಡುವುದರಲ್ಲಿಯೂ ಪಾಲುಗೊಳ್ಳಬೇಕು. ತಪ್ಪಿದವನಿಗೆ ದಂಡವು ಮೊದಲು ಲಘುವಾಗಿದ್ದು ಕ್ರಮೇಣ ಏರಬೇಕು. ಜಗಳ ಬಂದರೆ ಹತ್ತಿರದಲ್ಲಿಯೇ ಬಗೆಹರಿಯಬೇಕು ಎಂಬುವು ಅವರು ಕಂಡುಕೊಂಡ ತತ್ತ್ವಗಳಲ್ಲಿ ಕೆಲವು. ಇವುಗಳಲ್ಲಿ ಎರಡನೆಯದು ನಮ್ಮ ಪ್ರಸ್ತುತ ವಿಷಯಕ್ಕೆ ಅತ್ಯಂತ ಮುಖ್ಯವಾದುದು.

೫

ಅದು ಹೇಗೆಂಬುದನ್ನು ನನ್ನ ಅನುಭವದಿಂದಲೇ ವಿವರಿಸಬಯಸುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಕೆರೆಯನ್ನೂ ಅದರ ಏರಿಯ ಮೇಲಿನ ಶಾಸನವನ್ನೂ ಕುರಿತು ಒಂದು ಟಿಪ್ಪಣಿಯನ್ನು ಸಿದ್ಧಪಡಿಸಿದಳು. ಅಜ್ಜನಿಂದ ಕೇಳಿದ ವಿಷಯಗಳೂ ಅದರಲ್ಲಿದ್ದುವು. ಅದನ್ನು ಮುಕ್ತ ಯೋಜನೆಯೊಂದಕ್ಕೆ ಸೇರಿಸುವಂತೆ ನಾನೇ ಪ್ರೋತ್ಸಾಹಿಸಿದೆನು. ಮಾರನೆಯ ದಿನ ಅದು ಅಲ್ಲಿರಲಿಲ್ಲ. ಆಧಾರ ಸಾಲದೆಂಬ ಒಂದು ಸಾಲು ಮಾತ್ರ ಉಳಿದಿತ್ತು. ಅಳಿಸಿದವರು ನಿಯಮದ ಪ್ರಕಾರ ತಪ್ಪು ಮಾಡಿದರೆಂದು ಹೇಳಲಾರೆ. ಅಜ್ಜನ ಮಾತು ಮುದ್ರಿತ ಆಧಾರವಲ್ಲ. ಆದರೆ ಶಾಸನದ ಭಾಗಕ್ಕೆ ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದಲ್ಲಿ ಆಧಾರ ಹುಡುಕಬಹುದೆಂದು ಯಾರಾದರೂ ಒಂದು ಮಾತು ಬರೆದಿದ್ದರೆ ಸಾಕಾಗಿತ್ತು. ಶಿವಮೊಗ್ಗ ಜಿಲ್ಲೆಯ ಶಾಸನಗಳ ಆ ಎರಡು ಸಂಪುಟಗಳು ೧೯೦೨ ಮತ್ತು ೧೯೦೪ರಿಂದ ಗ್ರಂಥಾಲಯಗಳಲ್ಲಿವೆ. ಅವಳು "ಬೇಡ ಬಿಡಿ ಸರ್, ಅವರಿಗೆ ಬೇಕಾಗಿಲ್ಲ" ಎಂದಳು, ಮತ್ತೆ ಬರೆಯಲಿಲ್ಲ. ದೋಷದಲ್ಲಿ ನನ್ನ ಪಾಲೂ ಉಂಟು. ಬರೆಯೆಂದು ಕಳುಹಿಸಿದವನು ಜೊತೆಗೆ ಕುಳಿತು ಆಧಾರವನ್ನು ತೋರಿಸಬೇಕಾಗಿತ್ತು.

ಇದು ಒಬ್ಬಳ ಕಥೆಯಷ್ಟೇ ಅಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ ೨೦೦೭ರಲ್ಲಿ ತುತ್ತತುದಿಗೇರಿ ಆ ಬಳಿಕ ಇ಴ಿಯತೊಡಗಿತು. ೨೦೧೩ರಲ್ಲಿ ಆರನ್ ಹಾಫೇಕರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನವು, ಸದುದ್ದೇಶದಿಂದ ಬಂದ ಹೊಸಬರ ಮೊದಲ ಬರಹವನ್ನು ತಿರಸ್ಕರಿಸುವುದು ಹೆಚ್ಚಿದುದೂ, ಆ ತಿರಸ್ಕಾರವನ್ನು ಯಾಂತ್ರಿಕ ಸಾಧನಗಳಿಂದ ಮಾಡಿದುದೂ ಇದಕ್ಕೆ ಮುಖ್ಯ ಕಾರಣಗಳೆಂದು ತೋರಿಸಿತು. ಕೇಡಿಗರಿಂದ ಕಾಪಾಡಲು ಎತ್ತಿದ ಗೋಡೆ ಒಳ್ಳೆಯವರನ್ನೂ ಹೊರಗಿಟ್ಟಿತು. ಮೊದಲ ತಪ್ಪಿಗೇ ಪೂರ್ಣ ದಂಡ ಸಲ್ಲದೆಂಬ ಆಸ್ಟ್ರಮ್ ಅವರ ತತ್ತ್ವವನ್ನು ಇಲ್ಲಿ ಸ್ಮರಿಸಿಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗುತ್ತದೆ. ಕೆರೆಯನ್ನು ಇಷ್ಟು ಹೊಗಳುವುದು ಇತಿಹಾಸಕ್ಕೆ ನ್ಯಾಯವೇ? ಕೆರೆಯ ಏರಿಯನ್ನು ಕಟ್ಟಿದ ಕೈಗಳಲ್ಲಿ ಬಿಟ್ಟಿಗೆ ಹಿಡಿದು ತಂದ ಕೈಗಳೂ ಇದ್ದುವು. ನೀರುಗಂಟಿಯ ಕೆಲಸ ಹಲವೆಡೆ ಜಾತಿಯಿಂದ ಹೇರಿದ ಕೆಲಸವಾಗಿತ್ತು. ನೀರನ್ನು ಹಂಚಿದವನ ಮನೆಯವರಿಗೆ ಅದೇ ನೀರನ್ನು ಮುಟ್ಟುವ ಹಕ್ಕಿರಲಿಲ್ಲದ ಊರುಗಳೂ ಇದ್ದುವು. ತಾಳಗುಂದದ ಶಾಸನದಲ್ಲಿ ಕೆರೆಯನ್ನು ಕಟ್ಟಿಸಿದ ಅರಸನ ಹೆಸರಿದೆ, ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದ ಕವಿ ಕುಬ್ಜನ ಹೆಸರಿದೆ. ಮಣ್ಣು ಹೊತ್ತವರ ಹೆಸರಿಲ್ಲ. ಈ ಆಕ್ಷೇಪ ಸರಿಯಾದುದೇ. ಆದುದರಿಂದ ಕೆರೆಯಿಂದ ನಾವು ತೆಗೆದುಕೊಳ್ಳಬೇಕಾದುದು ಪಾಲನೆಯ ಏರ್ಪಾಡನ್ನು, ಅದರ ಮೇಲುಕೀಳನ್ನಲ್ಲ.

ಮುಕ್ತ ತಂತ್ರಾಂಶವು ಹಳೆಯ ಕೆರೆಗಿಂತ ಮೇಲಾಗಿರುವುದು ಇದೊಂದು ವಿಷಯದಲ್ಲಿ. ಅದರಲ್ಲಿ ಮಣ್ಣು ಹೊತ್ತವನ ಹೆಸರೂ ಉಳಿಯುತ್ತದೆ. ಟೋರ್ವಾಲ್ಡ್ಸ್ ಅವರೇ ೨೦೦೫ರಲ್ಲಿ ರಚಿಸಿದ ಗಿಟ್ ಎಂಬ ಸಾಧನದಲ್ಲಿ ಪ್ರತಿಯೊಂದು ತಿದ್ದುಪಡಿಯೂ ಮಾಡಿದವರ ಹೆಸರು, ದಿನ, ಕಾರಣಗಳೊಡನೆ ದಾಖಲಾಗುತ್ತದೆ. ವಿಕಿಪೀಡಿಯದ ಪ್ರತಿ ಪುಟದ ಹಿಂದೆಯೂ 'ಇತಿಹಾಸ'ವೆಂಬ ಹೆಸರಿನಲ್ಲಿಯೇ ಇಂತಹ ಕಡತವಿದೆ. ಒಂದು ಕಾಗುಣಿತವನ್ನು ತಿದ್ದಿದವನೂ ದಾಸೋಜನಂತೆ ಅಂಕಿತ ಹಾಕಬಲ್ಲನು. ಕಟ್ಟಿದವರ ಹೆಸರುಗಳೆಲ್ಲವನ್ನೂ ಇಷ್ಟು ನಿಷ್ಠೆಯಿಂದ ಉಳಿಸಿದ ಸ್ಮಾರಕ ನಮ್ಮ ಇತಿಹಾಸದಲ್ಲಿ ಹಿಂದೆ ಇದ್ದಿಲ್ಲ. ಕೊರತೆಯಿರುವುದು ಬಿತ್ತುವಟ್ಟದ ಕಡೆಗೆ.

ಹಾಗಾದರೆ ಬಿತ್ತುವಟ್ಟವೆಂದರೆ ಇಂದಿನ ಅರ್ಥದಲ್ಲಿ ಏನು? ಹಣ ಅದರ ಒಂದು ಭಾಗ ಮಾತ್ರ. ಸರ್ಕಾರವೂ ವಿಶ್ವವಿದ್ಯಾನಿಲಯಗಳೂ ಹೊಸ ತಂತ್ರಾಂಶದ ಬಿಡುಗಡೆಗೆ ವೆಚ್ಚ ಮಾಡುವಂತೆ, ಈಗಾಗಲೇ ಇರುವುದರ ಹೂಳೆತ್ತುವುದಕ್ಕೂ ವರ್ಷವರ್ಷವೂ ವೆಚ್ಚ ಮಾಡಬೇಕು. ಮಿಕ್ಕ ಭಾಗ ಸಮಯ ಮತ್ತು ಗಮನ. ಹೊಸಬರ ಮೊದಲ ಕೊಡುಗೆಗೆ ಮನುಷ್ಯನೊಬ್ಬನ ಉತ್ತರ ಬರಬೇಕು. ತಿರಸ್ಕರಿಸಿದರೂ ಮುಂದಿನ ದಾರಿಯನ್ನು ತೋರಿಸಬೇಕು. ಸುಲಭವಾದ ಸಣ್ಣ ಕೆಲಸಗಳನ್ನು ಅನುಭವಿಗಳು ತಾವೇ ಮಾಡಿ ಮುಗಿಸದೆ ಹೊಸಬರಿಗಾಗಿ ಉಳಿಸಬೇಕು. ಚಾವಣನಿಗೆ ಉಳಿ ಕೊಡದಿದ್ದರೆ ಅವನು ದಾಸೋಜನ ಮಗನಾಗಿ ಉಳಿಯುತ್ತಿದ್ದನೇ ಹೊರತು ರೂವಾರಿಯಾಗುತ್ತಿರಲಿಲ್ಲ. ನಿಯಮಗಳು ಕನ್ನಡದಲ್ಲಿಯೇ, ತಿಳಿಯುವ ಮಾತಿನಲ್ಲಿ, ಬರೆದಿರಬೇಕು. ಯಾವ ಭಾಗವೂ ಒಬ್ಬನೇ ಬಲ್ಲ ಗುಟ್ಟಾಗಿ ಉಳಿಯಬಾರದು. ಹೊಣೆ ಹೊತ್ತವನು ಮಾನದಿಂದ ಇಳಿದುಹೋಗಲೂ ದಾರಿಯಿರಬೇಕು.

ನಾನು ವಾಸಿಸುವ ನವುಲೆಯಲ್ಲಿ ೧೯೮೦ರಲ್ಲಿ ಸ್ಥಾಪಿತವಾದ ಎಂಜಿನಿಯರಿಂಗ್ ಕಾಲೇಜಿದೆ. ನಗರದಲ್ಲಿ ಕಲಾ ಕಾಲೇಜುಗಳಿವೆ. ಭದ್ರಾವತಿಯ ಆಚೆ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಿದೆ. ಒಂದೆಡೆ ಸಂಕೇತವನ್ನು ಬರೆಯಬಲ್ಲ ಯುವಕರು, ಇನ್ನೊಂದೆಡೆ ಶಾಸನವನ್ನು ಓದಬಲ್ಲ ಯುವಕರು. ಇವರಿಬ್ಬರೂ ವರ್ಷಕ್ಕೊಂದು ದಿನದ ಕಾರ್ಯಾಗಾರದಲ್ಲಿ ಪ್ರಮಾಣಪತ್ರ ಪಡೆದು ಚದುರುವುದಕ್ಕೆ ಬದಲಾಗಿ, ಒಂದು ತಾಲ್ಲೂಕಿನ ಶಾಸನಗಳನ್ನು ಐದು ವರ್ಷಗಳ ಕಾಲ ವಹಿಸಿಕೊಂಡು, ಪ್ರತಿ ವರ್ಷದ ಹಳಬರು ಹೊಸಬರಿಗೆ ಕೆಲಸವನ್ನು ಒಪ್ಪಿಸುತ್ತ ಹೋಗಬಹುದು. ವಚನಗಳ ವಿಷಯದಲ್ಲಿ ಇಂತಹ ಕೆಲಸ ಸಾಧ್ಯವೆಂಬುದನ್ನು 'ವಚನ ಸಂಚಯ'ದವರು ತೋರಿಸಿಕೊಟ್ಟಿದ್ದಾರೆ. ಸುಮಾರು ಇಪ್ಪತ್ತು ಸಾವಿರ ವಚನಗಳನ್ನು ಪದಪದವಾಗಿ ಹುಡುಕಲು ಬರುವಂತೆ ಅವರು ಒದಗಿಸಿದುದು ತಂತ್ರಜ್ಞರೂ ಸಾಹಿತ್ಯಜ್ಞರೂ ಒಂದೆಡೆ ಕುಳಿತುದರ ಫಲ.

ರೇಮಂಡ್ ಅವರ ಗ್ರಂಥವು ಬಾಗಿಲನ್ನು ತೆರೆಯುವುದರ ಮಹತ್ವವನ್ನು ಜಗತ್ತಿಗೆ ಮನಗಾಣಿಸಿತು. ಆ ಕೀರ್ತಿ ಅವರಿಗೆ ಸಲ್ಲತಕ್ಕುದು. ಆದರೆ ಸಂತೆ ಸಂಜೆಗೆ ಚದುರುತ್ತದೆ, ಕೆರೆಯ ಕೆಲಸ ಮರುದಿನವೂ ಇರುತ್ತದೆ. ಕನ್ನಡದ ತಂತ್ರಾಂಶಗಳನ್ನು ಬೆಳೆಸುವವರು ಇನ್ನು ಮುಂದಾದರೂ ಎಷ್ಟು ಜನ ಬಂದರೆಂಬ ಲೆಕ್ಕದ ಪಕ್ಕದಲ್ಲಿ ಎಷ್ಟು ಜನ ಎರಡನೆಯ ಮಳೆಗಾಲಕ್ಕೆ ಉಳಿದರೆಂಬ ಲೆಕ್ಕವನ್ನೂ ಇಡುವುದು ಒಳಿತು. ಮೇಲೆ ಹೇಳಿದ ವಿದ್ಯಾರ್ಥಿನಿಯ ಟಿಪ್ಪಣಿ ನನ್ನ ಬಳಿ ಇನ್ನೂ ಇದೆ. ಈ ವರ್ಷ ಆಧಾರಗಳೊಡನೆ ಅದನ್ನು ಮತ್ತೆ ಸೇರಿಸುವಂತೆ ಅವಳಿಗೆ ಪತ್ರ ಬರೆದಿದ್ದೇನೆ. ಈ ಸಲ ಜೊತೆಗೆ ಕುಳಿತುಕೊಳ್ಳುವುದಾಗಿಯೂ ತಿಳಿಸಿದ್ದೇನೆ.